ಕುದುರೆಯ ಕಾಲು, ಮನುಷ್ಯನ ಕಾಲು

"ಕುದುರೆ ತರಹ ಓಡಾಡ್ತಿದ್ದೆ ಡಾಕ್ಟ್ರೇ, ಈಗ ಹತ್ತು ಮೆಟ್ಟಿಲು ಹತ್ತೋದೂ ಕಷ್ಟ." ಕಾಲುನೋವೆಂದು ಬರುವ ನಡುವಯಸ್ಸಿನವರ ಬಾಯಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ. ಹೊಸ ತಿಪ್ಪಸಂದ್ರದಂಥ ಬಡಾವಣೆಯಲ್ಲಿ ವೈದ್ಯವೃತ್ತಿ ನಡೆಸುವ ನನ್ನಂಥವರಿಗೆ ಕಾಲುನೋವಿನ ರೋಗಿಗಳಲ್ಲಿ ಎರಡು ಗುಂಪುಗಳು ಎದ್ದು ಕಾಣುತ್ತವೆ. ಮೊದಲನೆಯದು ಬೆಳಗಿನಿಂದ ರಾತ್ರಿಯವರೆಗೆ ನಿಂತೇ ದುಡಿಯುವ ಅಂಗಡಿಯವರು, ಶಿಕ್ಷಕಿಯರು, ಕಾರ್ಖಾನೆ ನೌಕರರು. ಎರಡನೆಯದು ಇಪ್ಪತ್ತು ವರ್ಷ ಕುರ್ಚಿಯಲ್ಲಿ ಕುಳಿತಿದ್ದು, ಒಂದು ದಿನ ಇದ್ದಕ್ಕಿದ್ದಂತೆ ಬೂಟು ಕೊಂಡು ಓಡಲು ಹೊರಟವರು. 2008ರಲ್ಲಿ ಬೆಂಗಳೂರಿನಲ್ಲಿ ವರ್ಲ್ಡ್ 10ಕೆ ಓಟ ಆರಂಭವಾದ ಮೇಲೆ ಈ ಎರಡನೆಯ ಗುಂಪು ದೊಡ್ಡದಾಗುತ್ತಾ ಬಂದಿದೆ. ಓಡುವುದು ಖಂಡಿತ ಒಳ್ಳೆಯದು. ಆದರೆ ಓಡುವ ಕಾಲು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ಸ್ವಲ್ಪ ತಿಳಿದು ಓಡುವುದು ಇನ್ನೂ ಒಳ್ಳೆಯದು.

ಇದನ್ನು ಅರಿಯಲು ಕುದುರೆಯೇ ಒಳ್ಳೆಯ ಗುರು. ನಮ್ಮ ಊರಿಗೆ ಕುದುರೆ ಹೊಸದೇನೂ ಅಲ್ಲ. ದಂಡು ಪ್ರದೇಶದ ರಸ್ತೆಗಳಲ್ಲಿ, ಶಿವಾಜಿನಗರದ ಸುತ್ತಮುತ್ತ ಜಟಕಾ ಕುದುರೆಗಳ ಲಾಳದ ಸದ್ದು ಕೇಳಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಬೆಂಗಳೂರಿನ ರೇಸ್ ಕೋರ್ಸು, ಟಿಪ್ಪುವಿನ ಕಾಲದ ಕುದುರೆಗಳೊಂದಿಗೆ ಹೆಸರು ಬೆಸೆದುಕೊಂಡಿರುವ ಕುಣಿಗಲ್ ಫಾರಂ ಎಲ್ಲರಿಗೂ ಗೊತ್ತು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಕುದುರೆ ಸವಾರಿಯಲ್ಲಿ ಎರಡು ಬೆಳ್ಳಿ ಪದಕ ಗೆದ್ದ ಫವಾದ್ ಮಿರ್ಜಾ ಬೆಂಗಳೂರಿನವರೇ.

ಕುದುರೆಯ ಮಂಡಿ ಎಲ್ಲಿದೆ?

ಕುದುರೆಯ ಮುಂಗಾಲಿನ ನಡುವೆ ಮಡಚುವ ಗಂಟನ್ನು ಸಾಮಾನ್ಯವಾಗಿ ಮಂಡಿ ಎನ್ನುತ್ತೇವೆ. ಎಲುಬುಗಳ ಲೆಕ್ಕದಲ್ಲಿ ಅದು ನಮ್ಮ ಮಣಿಕಟ್ಟಿಗೆ ಸಮ. ಹಿಂಗಾಲಿನಲ್ಲಿ ಹಿಂದಕ್ಕೆ ಚೂಪಾಗಿ ಚಾಚಿಕೊಂಡ ಗಂಟು ನಮ್ಮ ಹಿಮ್ಮಡಿಗೆ ಸಮ. ಕುದುರೆಯ ನಿಜವಾದ ಮಂಡಿ ಹೊಟ್ಟೆಯ ಪಕ್ಕದಲ್ಲೂ, ಮೊಣಕೈ ಎದೆಗೆ ಅಂಟಿಕೊಂಡಂತೆಯೂ ಇವೆ. ಇನ್ನು ಗೊರಸು ಎಂದರೆ ನಮ್ಮ ನಡುಬೆರಳಿನ ಉಗುರಿನ ದೊಡ್ಡ ರೂಪ. ಉಳಿದ ಬೆರಳುಗಳು ಕೋಟ್ಯಂತರ ವರ್ಷಗಳ ವಿಕಾಸದಲ್ಲಿ ಸವೆದುಹೋಗಿವೆ. ಸುಮಾರು 450ರಿಂದ 500 ಕಿಲೋ ತೂಗುವ ರೇಸ್ ಕುದುರೆ ಒಟ್ಟು ನಾಲ್ಕು ಬೆರಳುಗಳ ತುದಿಯ ಮೇಲೆ ನಿಂತಿರುತ್ತದೆ ಎಂದರೆ ಆಶ್ಚರ್ಯವಾಗದೇ ಇರದು.

ಈ ರಚನೆಗೆ ಕಾರಣವುಂಟು. ಕುದುರೆಯ ಬಲವಾದ ಮಾಂಸಖಂಡಗಳೆಲ್ಲ ಭುಜ ಮತ್ತು ಪೃಷ್ಠದ ಬಳಿ ಇವೆ. ಮುಂಗಾಲಿನ ಮಣಿಕಟ್ಟು, ಹಿಂಗಾಲಿನ ಹಿಮ್ಮಡಿಯಿಂದ ಕೆಳಗೆ ಮಾಂಸಖಂಡ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿರುವುದು ಎಲುಬು, ಚರ್ಮ ಮತ್ತು ಉದ್ದನೆಯ ಸ್ನಾಯುರಜ್ಜುಗಳು. ಹೀಗಾಗಿ ಕಾಲಿನ ತುದಿ ಹಗುರ. ಮನೆಯಲ್ಲಿರುವ ಸುತ್ತಿಗೆಯನ್ನು ಹಿಡಿಯಿಂದ ಹಿಡಿದು ವೇಗವಾಗಿ ಹಿಂದೆ ಮುಂದೆ ಬೀಸಿ ನೋಡಿ. ಆಮೇಲೆ ಅದನ್ನೇ ತಿರುಗಿಸಿ, ಕಬ್ಬಿಣದ ತಲೆಯನ್ನು ಮುಷ್ಟಿಯಲ್ಲಿ ಹಿಡಿದು ಬೀಸಿ. ತೂಕ ಅಷ್ಟೇ ಇದ್ದರೂ ಎರಡನೆಯ ಸಲ ಬೀಸುವುದು ಎಷ್ಟೋ ಸುಲಭ. ಭಾರ ಬುಡದಲ್ಲಿದ್ದು ತುದಿ ಹಗುರವಾಗಿದ್ದರೆ ಕಡಿಮೆ ಶ್ರಮದಲ್ಲಿ ಕಾಲನ್ನು ಮುಂದಕ್ಕೆ ಎಸೆಯಬಹುದು.

ನಮ್ಮ ಕಾಲಿನಲ್ಲಿ ಪಾದವೇ ತಕ್ಕಮಟ್ಟಿಗೆ ಭಾರ. ಅದಕ್ಕೆ ಬೂಟಿನ ಭಾರವೂ ಸೇರುತ್ತದೆ. ಪ್ರತಿ ಬೂಟಿಗೆ 100 ಗ್ರಾಂ ತೂಕ ಹೆಚ್ಚಾದರೆ ಓಟದ ಶ್ರಮ ಸುಮಾರು ಶೇಕಡ 1ರಷ್ಟು ಹೆಚ್ಚುತ್ತದೆ ಎಂದು ಅಳೆದು ನೋಡಿದ್ದಾರೆ. ಬೆಲೆ ಹೆಚ್ಚೆಂಬ ಒಂದೇ ಕಾರಣಕ್ಕೆ ದಪ್ಪ, ಭಾರದ ಬೂಟು ಕೊಳ್ಳುವವರು ಇದನ್ನು ಗಮನಿಸಬೇಕು.

ಕಾಲಿನೊಳಗಿನ ಸ್ಪ್ರಿಂಗು

ನಡಿಗೆ ಮತ್ತು ಓಟದ ನಡುವಿನ ವ್ಯತ್ಯಾಸ ಬರೀ ವೇಗದ್ದಲ್ಲ. ನಡೆಯುವಾಗ ನಮ್ಮ ಕಾಲು ತಲೆಕೆಳಗಾದ ಲೋಲಕದಂತೆ ಕೆಲಸ ಮಾಡುತ್ತದೆ. ಪಾದ ನೆಲದಲ್ಲಿ ಊರಿರುತ್ತದೆ, ದೇಹ ಅದರ ಮೇಲೆ ಕಮಾನಿನಂತೆ ದಾಟಿ ಮುಂದಕ್ಕೆ ಬಾಗುತ್ತದೆ. ಓಡುವಾಗ ಕಾಲು ಸ್ಪ್ರಿಂಗಿನಂತಾಗುತ್ತದೆ. ನೆಲಕ್ಕೆ ಬಿದ್ದಾಗ ಕುಗ್ಗಿ, ಮರುಕ್ಷಣ ಚಿಮ್ಮಿ, ದೇಹವನ್ನು ಗಾಳಿಯಲ್ಲಿ ತೇಲಿಸುತ್ತದೆ. ಗಂಟೆಗೆ ಸುಮಾರು 7 ಕಿಲೋಮೀಟರ್ ವೇಗ ಬಂದಾಗ ನಮಗೆ ಅರಿವಿಲ್ಲದೆಯೇ ನಡಿಗೆ ಓಟಕ್ಕೆ ತಿರುಗುತ್ತದೆ. ಏಕೆಂದರೆ ಆ ವೇಗದಿಂದಾಚೆಗೆ ನಡೆಯುವುದಕ್ಕಿಂತ ಓಡುವುದೇ ಸಲೀಸು. ಕುದುರೆಯೂ ನಡಿಗೆಯಿಂದ ದುಡುಕೋಟಕ್ಕೆ, ದುಡುಕೋಟದಿಂದ ನಾಗಾಲೋಟಕ್ಕೆ ಬದಲಾಗುವುದು ಇಂಥದೇ ಲೆಕ್ಕಾಚಾರದಿಂದ. ಆಯಾ ವೇಗದಲ್ಲಿ ಯಾವ ಗತಿಗೆ ಪ್ರಾಣವಾಯುವಿನ ಖರ್ಚು ಕಡಿಮೆಯೋ ಅದನ್ನೇ ಕುದುರೆ ಆರಿಸಿಕೊಳ್ಳುತ್ತದೆ ಎಂದು 1981ರಲ್ಲಿ ಹಾಯ್ಟ್ ಮತ್ತು ಟೇಲರ್ ಎಂಬ ವಿಜ್ಞಾನಿಗಳು ತೋರಿಸಿದರು.

ನಾಗಾಲೋಟದಲ್ಲಿ ಕುದುರೆಯ ನಾಲ್ಕೂ ಕಾಲು ನೆಲ ಬಿಡುತ್ತವೆಯೇ ಎಂಬುದು ಒಂದು ಕಾಲದಲ್ಲಿ ದೊಡ್ಡ ಚರ್ಚೆಯ ವಿಷಯವಾಗಿತ್ತು. 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲಾಗಿ ಕ್ಯಾಮೆರಾಗಳನ್ನಿಟ್ಟು ಓಡುವ ಕುದುರೆಯ ಚಿತ್ರ ತೆಗೆದಾಗ ಉತ್ತರ ಸಿಕ್ಕಿತು. ನಾಲ್ಕೂ ಕಾಲು ನೆಲ ಬಿಡುವುದು ನಿಜ. ಆದರೆ ಅದು ಚಿತ್ರಕಾರರು ಬರೆಯುತ್ತಿದ್ದಂತೆ ಕಾಲುಗಳು ಹಿಂದೆ ಮುಂದೆ ಚಾಚಿದಾಗ ಅಲ್ಲ. ಕಾಲುಗಳೆಲ್ಲ ಹೊಟ್ಟೆಯ ಕೆಳಗೆ ಮಡಚಿಕೊಂಡಾಗ.

ಈ ಚಿಮ್ಮುವಿಕೆಯ ಗುಟ್ಟು ಸ್ನಾಯುರಜ್ಜುಗಳಲ್ಲಿದೆ. ಮಾಂಸಖಂಡವನ್ನು ಎಲುಬಿಗೆ ಕಟ್ಟುವ ಬಿಳಿಯ ಹಗ್ಗವೇ ಸ್ನಾಯುರಜ್ಜು. ನಮ್ಮ ದೇಹದಲ್ಲಿ ಅತಿ ದಪ್ಪನೆಯದು ಹಿಮ್ಮಡಿಯ ಹಿಂಭಾಗದ ಅಕಿಲಿಸ್ ರಜ್ಜು. ಮೀನಖಂಡದ ಕೆಳಗೆ ಬೆರಳಿನಿಂದ ಹಿಡಿದರೆ ಗಟ್ಟಿಯಾದ ದಾರದಂತೆ ಸಿಗುತ್ತದೆ. ಓಡುವಾಗ ಪ್ರತಿ ಹೆಜ್ಜೆಯಲ್ಲೂ ಇದು ರಬ್ಬರಿನಂತೆ ಹಿಗ್ಗಿ ಶಕ್ತಿಯನ್ನು ಕೂಡಿಟ್ಟುಕೊಂಡು ಮರಳಿಸುತ್ತದೆ. ಹೆಜ್ಜೆಯೊಂದರಲ್ಲಿ ಕೈಬಿಟ್ಟುಹೋಗಬಹುದಾದ ಶಕ್ತಿಯ ಸುಮಾರು ಮೂರನೇ ಒಂದು ಪಾಲನ್ನು ಅಕಿಲಿಸ್ ರಜ್ಜುವೂ, ಸುಮಾರು ಆರನೇ ಒಂದು ಪಾಲನ್ನು ಅಂಗಾಲಿನ ಕಮಾನೂ ಉಳಿಸಿಕೊಡುತ್ತವೆ. ಈ ಉಳಿತಾಯವಿಲ್ಲದಿದ್ದರೆ ಬಸ್ಸಿನ ಹಿಂದೆ ಓಡುವುದೂ ದೊಡ್ಡ ಸಾಹಸವಾಗುತ್ತಿತ್ತು.

ಕುದುರೆಯ ಮುಂಗಾಲಿನ ಹಿಂಭಾಗದಲ್ಲಿ ಇಂಥ ರಜ್ಜುಗಳು ಇನ್ನೂ ಉದ್ದವಾಗಿವೆ. ನಾಗಾಲೋಟದಲ್ಲಿ ಒಂದೊಂದು ಮುಂಗಾಲಿನ ಮೇಲೂ ದೇಹತೂಕದ ಸುಮಾರು ಎರಡೂವರೆ ಪಟ್ಟು ಭಾರ ಬೀಳುತ್ತದೆ. ಆಗ ಗೊರಸಿನ ಮೇಲಿನ ಕೀಲು ನೆಲಕ್ಕೆ ತಾಗುವಷ್ಟು ಕೆಳಗಿಳಿಯುತ್ತದೆ. ರಜ್ಜು ತನ್ನ ಉದ್ದದ ಶೇಕಡ 15ರವರೆಗೂ ಹಿಗ್ಗುತ್ತದೆ. ಅದು ಹರಿಯುವ ಮಿತಿ ಅಲ್ಲಿಂದ ಬಹಳ ದೂರವಿಲ್ಲ. ಮತ್ತೆ ಮತ್ತೆ ಹಿಗ್ಗಿ ಕುಗ್ಗುವುದರಿಂದ ರಜ್ಜುವಿನ ಒಳತಿರುಳು ಸುಮಾರು 45 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯೇರುವುದನ್ನೂ ಅಳೆಯಲಾಗಿದೆ. ರೇಸ್ ಕುದುರೆಗಳಿಗೆ ಅತಿ ಹೆಚ್ಚಾಗಿ ಪೆಟ್ಟಾಗುವ ರಜ್ಜುವೂ ಇದೇ. ವೇಗಕ್ಕಾಗಿ ಕುದುರೆಯ ದೇಹ ಕೊಡುತ್ತಿರುವ ಬೆಲೆ ಅದು.

ವೇಗ ಅದರದು, ದೂರ ನಮ್ಮದು

ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದಾಗ ಅವರ ಗರಿಷ್ಠ ವೇಗ ಗಂಟೆಗೆ ಸುಮಾರು 44 ಕಿಲೋಮೀಟರ್. ರೇಸ್ ಕುದುರೆ 60 ಕಿಲೋಮೀಟರನ್ನು ಸುಲಭವಾಗಿ ದಾಟುತ್ತದೆ. ವೇಗದ ಓಟಗಾರರು ಕಾಲನ್ನು ನಮಗಿಂತ ಬೇಗ ಬೇಗ ಬೀಸುತ್ತಾರೆ ಎಂದು ನಾವು ಭಾವಿಸುತ್ತೇವೆ. ಅಳೆದು ನೋಡಿದಾಗ ಕಾಲು ಬೀಸುವ ಸಮಯದಲ್ಲಿ ಅಂಥ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಪಾದ ನೆಲಕ್ಕೆ ತಾಗಿರುವ ಅತ್ಯಲ್ಪ ಕಾಲದಲ್ಲಿ ನೆಲವನ್ನು ಎಷ್ಟು ಬಲವಾಗಿ ಒದೆಯುತ್ತಾರೆ ಎಂಬುದರಲ್ಲಿಯೇ ಅವರ ಹೆಚ್ಚುಗಾರಿಕೆ.

2020ರ ಫೆಬ್ರುವರಿಯಲ್ಲಿ ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದಾಗ, 100 ಮೀಟರಿಗೆ 9.55 ಸೆಕೆಂಡು ಎಂದು ಲೆಕ್ಕ ಹಾಕಿ ದೇಶವೇ ಬೆರಗಾಯಿತು. ಕೆಸರುಗದ್ದೆಯಲ್ಲಿ ಅಂಥ ಓಟ ಸಾಮಾನ್ಯವಲ್ಲ. ಆದರೂ ಬೋಲ್ಟ್ ಓಟಕ್ಕೆ ಅದನ್ನು ಹೋಲಿಸುವುದು ಸರಿಯಾಗದು. ಕಂಬಳದಲ್ಲಿ ಓಟಗಾರನನ್ನು ಮುಂದಕ್ಕೆಳೆಯುವ ಬಲದಲ್ಲಿ ದೊಡ್ಡ ಪಾಲು ಕೋಣಗಳದು. ತನ್ನ ದೇಹವನ್ನು ಎತ್ತಿ ಹಿಡಿದು, ಜಾರದೆ, ಆ ವೇಗಕ್ಕೆ ಹೆಜ್ಜೆ ಹೊಂದಿಸುವುದು ಅವನ ಕೌಶಲ. ಅದೂ ದೊಡ್ಡದೇ, ಆದರೆ ಬೇರೆಯದು.

ವೇಗದಲ್ಲಿ ಸೋತರೂ ದೂರದ ಓಟದಲ್ಲಿ ಮನುಷ್ಯ ಕುದುರೆಗೆ ಸರಿಸಾಟಿಯಾಗಬಲ್ಲ. ವೇಲ್ಸ್ ನಾಡಿನ ಒಂದು ಸಣ್ಣ ಊರಿನಲ್ಲಿ 1980ರಿಂದ ಗುಡ್ಡಗಾಡಿನ ಸುಮಾರು 35 ಕಿಲೋಮೀಟರ್ ದಾರಿಯಲ್ಲಿ ಮನುಷ್ಯರಿಗೂ ಕುದುರೆಗಳಿಗೂ ಪಂದ್ಯ ನಡೆಯುತ್ತಾ ಬಂದಿದೆ. ಬಹಳ ವರ್ಷ ಕುದುರೆಗಳೇ ಗೆದ್ದವು. 2004ರಲ್ಲಿ ಹ್ಯೂ ಲಾಬ್ ಎಂಬ ಓಟಗಾರ ಮೊದಲ ಸಲ ಎಲ್ಲ ಕುದುರೆಗಳನ್ನೂ ಹಿಂದಿಕ್ಕಿದರು. ಆಮೇಲೂ ಕೆಲವು ಸಲ ಮನುಷ್ಯರು ಗೆದ್ದಿದ್ದಾರೆ. ಬೆವರಿ ತಂಪಾಗುವ ನಮ್ಮ ರೋಮರಹಿತ ಚರ್ಮ, ಉದ್ದ ಕಾಲು, ಓಡುವಾಗ ಮುಂಡ ಮುಂದಕ್ಕೆ ಮುಗ್ಗರಿಸದಂತೆ ಹಿಡಿಯುವ ಪೃಷ್ಠದ ದೊಡ್ಡ ಸ್ನಾಯು ನಮ್ಮ ಬಂಡವಾಳ.

ಉಸಿರಿನಲ್ಲೂ ನಮಗೊಂದು ಅನುಕೂಲವಿದೆ. ನಾಗಾಲೋಟದಲ್ಲಿ ಕುದುರೆಗೆ ಒಂದು ನೆಗೆತಕ್ಕೆ ಒಂದೇ ಉಸಿರು. ಅದೂ ಮೂಗಿನಿಂದಲೇ. ಬೇರೆ ದಾರಿ ಅದಕ್ಕಿಲ್ಲ. ಎರಡೇ ಕಾಲಿನ ಮೇಲೆ ನೆಟ್ಟಗೆ ಓಡುವ ನಾವು ಉಸಿರನ್ನು ಹೆಜ್ಜೆಯಿಂದ ಬಿಡಿಸಿಕೊಂಡಿದ್ದೇವೆ. ಓಡುತ್ತಲೇ ಮಾತನಾಡಬಲ್ಲೆವು. ಇದರಿಂದಲೇ ಒಂದು ಸುಲಭ ಪರೀಕ್ಷೆ ಹುಟ್ಟಿದೆ. ಪಕ್ಕದವರೊಡನೆ ಒಂದು ಪೂರ್ತಿ ವಾಕ್ಯ ಮಾತನಾಡಲು ಆಗುವಷ್ಟು ವೇಗವೇ ಹೊಸಬರಿಗೆ ಸರಿಯಾದ ವೇಗ.

ಹೃದಯ ಸಿದ್ಧ, ಹಗ್ಗ ಸಿದ್ಧವಿಲ್ಲ

ಓಡಲು ಹೊಸದಾಗಿ ತೊಡಗಿದವರಿಗೆ ಮೂರ್ನಾಲ್ಕು ವಾರದಲ್ಲೇ ಏದುಸಿರು ಕಡಿಮೆಯಾಗುತ್ತದೆ. ಮಾಂಸಖಂಡಗಳಲ್ಲೂ ಬಲ ಬರುತ್ತದೆ. ಉತ್ಸಾಹ ಏರಿ, ಓಡುವ ದೂರವನ್ನು ಒಮ್ಮೆಲೇ ದುಪ್ಪಟ್ಟು ಮಾಡುತ್ತಾರೆ. ಅಪಾಯ ಇರುವುದು ಇಲ್ಲೇ. ಸ್ನಾಯುರಜ್ಜು ಮತ್ತು ಎಲುಬುಗಳು ಹೊಸ ಭಾರಕ್ಕೆ ಹೊಂದಿಕೊಳ್ಳಲು ವಾರಗಳಲ್ಲ, ತಿಂಗಳುಗಳು ಬೇಕು. ಅಕಿಲಿಸ್ ರಜ್ಜುವಿನ ತಿರುಳು ಸುಮಾರು ಹದಿನೇಳನೆಯ ವಯಸ್ಸಿನೊಳಗೆ ರಚನೆಯಾಗಿ ಆಮೇಲೆ ಬಹುಮಟ್ಟಿಗೆ ಹೊಸದಾಗುವುದೇ ಇಲ್ಲ ಎಂದು 2013ರಲ್ಲಿ ಡೆನ್ಮಾರ್ಕ್‌ನ ಸಂಶೋಧಕರು ಕಂಡುಕೊಂಡರು. ನಲವತ್ತೈದರ ಗೃಹಸ್ಥರೊಬ್ಬರು ಓಡುತ್ತಿರುವುದು ಕಾಲೇಜು ಸೇರುವ ಮುಂಚಿನ ಹಗ್ಗದ ಮೇಲೆಯೇ ಎಂದಾಯಿತು. ಜೊತೆಗೆ ಹಿಮ್ಮಡಿಯಿಂದ ಮೂರ್ನಾಲ್ಕು ಬೆರಳು ಮೇಲಿನ ಜಾಗದಲ್ಲಿ ಇದಕ್ಕೆ ರಕ್ತಪೂರೈಕೆಯೂ ಕಡಿಮೆ.

ವಾರವೆಲ್ಲ ಕುಳಿತಿದ್ದು ಭಾನುವಾರ ಮಾತ್ರ ಷಟಲ್ ಆಡುವ ನಡುವಯಸ್ಸಿನವರಲ್ಲಿ ಈ ರಜ್ಜು ಹರಿಯುವುದುಂಟು. ಹಿಂದಿನಿಂದ ಯಾರೋ ಕಲ್ಲು ಹೊಡೆದಂತೆ ಅಥವಾ ಒದ್ದಂತೆ ಅನ್ನಿಸುತ್ತದೆ. ತಿರುಗಿ ನೋಡಿದರೆ ಯಾರೂ ಇರುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ನೋವು ತಗ್ಗಿ ಕುಂಟುತ್ತಾ ನಡೆಯಲೂ ಆಗುವುದರಿಂದ ಉಳುಕೆಂದು ಎಣ್ಣೆ ತಿಕ್ಕಿ ಕೂರುವವರಿದ್ದಾರೆ. ಅಂಥವರನ್ನು ಬೋರಲು ಮಲಗಿಸಿ, ಪಾದವನ್ನು ಮಂಚದಿಂದ ಹೊರಗೆ ಇಳಿಬಿಟ್ಟು, ಮೀನಖಂಡವನ್ನು ಹಿಸುಕಬೇಕು. ಸಾಮಾನ್ಯ ಕಾಲಿನಲ್ಲಿ ಪಾದ ಕೆಳಮುಖವಾಗಿ ಅಲುಗುತ್ತದೆ. ಅಲುಗದಿದ್ದರೆ ರಜ್ಜು ಹರಿದಿದೆ ಎಂದೇ ತಿಳಿದು ಮೂಳೆ ತಜ್ಞರ ಬಳಿಗೆ ಕೂಡಲೇ ಕರೆದೊಯ್ಯಬೇಕು. ತಡವಾದಷ್ಟೂ ಚಿಕಿತ್ಸೆ ಕಷ್ಟ.

ಇಲ್ಲೊಂದು ಎಚ್ಚರಿಕೆಯ ಮಾತು. ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್ ಮುಂತಾದ ಮಾತ್ರೆಗಳು ಸ್ನಾಯುರಜ್ಜುವಿನ ಉರಿಯೂತಕ್ಕೂ ಹರಿತಕ್ಕೂ ಕಾರಣವಾಗಬಹುದು. 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಬಗ್ಗೆ ಕಟ್ಟೆಚ್ಚರಿಕೆ ಹೊರಡಿಸಿತು. ಅರವತ್ತು ದಾಟಿದವರಿಗೆ, ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರಿಗೆ ಅಪಾಯ ಹೆಚ್ಚು. ಹೊಟ್ಟೆ ಕೆಟ್ಟಿತೆಂದು ಮೆಡಿಕಲ್ ಶಾಪಿನಿಂದ ತಾವೇ ಈ ಮಾತ್ರೆ ತಂದು ನುಂಗುವ ಅಭ್ಯಾಸ ಬಿಡಬೇಕು. ವೈದ್ಯರು ಬರೆದುಕೊಟ್ಟಾಗಲೂ ಆ ದಿನಗಳಲ್ಲಿ ಓಟ ಬೇಡ. ಹಿಮ್ಮಡಿಯ ಹಿಂದೆ ನೋವು ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಿ.

ಎಲುಬಿನ ವಿಷಯವೂ ಹೀಗೆಯೇ. ಎಳೆಯ ರೇಸ್ ಕುದುರೆಗಳಿಗೆ ತರಬೇತಿ ಅತಿಯಾದರೆ ಕಣಕಾಲಿನ ಮುಂಭಾಗದ ಎಲುಬು ಊದಿಕೊಂಡು ನೋಯುತ್ತದೆ. ಹೊಸ ಓಟಗಾರರ ಕಣಕಾಲು ನೋವೂ ಭಾರ ಹೆಚ್ಚಾದ ಎಲುಬಿನ ಕೂಗೇ. ಒಂದೇ ಬೆರಳಿನಿಂದ ತೋರಿಸಬಹುದಾದ ಜಾಗದಲ್ಲಿ ಎಲುಬು ನೋಯುತ್ತಿದ್ದರೆ ಕೂದಲೆಳೆಯ ಬಿರುಕು ಇರಬಹುದು. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಅದು ಕಾಣದೇ ಇರಬಹುದು. ಎಕ್ಸ್‌ರೇ ಸರಿಯಾಗಿದೆ ಎಂದು ಮತ್ತೆ ಓಡಬಾರದು.

ನೋವನ್ನು ಮುಚ್ಚಿ ಓಡಿದರೆ

ಕುದುರೆ ಕುಂಟುತ್ತಿದೆಯೇ ಎಂದು ನೋಡಲು ಪಶುವೈದ್ಯರು ಅದನ್ನು ದುಡುಕೋಟದಲ್ಲಿ ಓಡಿಸುತ್ತಾರೆ. ನೋಯುವ ಮುಂಗಾಲು ನೆಲಕ್ಕೆ ತಾಗಿದಾಗ ಕುದುರೆ ತಲೆಯನ್ನು ಮೇಲಕ್ಕೆತ್ತುತ್ತದೆ. ಮನುಷ್ಯನಾದರೆ ನೋಯುವ ಕಾಲಿನ ಮೇಲೆ ನಿಲ್ಲುವ ಸಮಯವನ್ನು ಕಡಿಮೆ ಮಾಡುತ್ತಾನೆ. ರೋಗಿ ಬಾಗಿಲಿನಿಂದ ಕುರ್ಚಿಯವರೆಗೆ ನಡೆದು ಬರುವಷ್ಟರಲ್ಲಿ ವೈದ್ಯರಿಗೆ ಅರ್ಧ ವಿಷಯ ತಿಳಿದುಬಿಡುತ್ತದೆ.

ರೇಸಿನ ದಿನ ಕುದುರೆಗೆ ನೋವುನಿವಾರಕ ಕೊಡುವುದನ್ನು ನಮ್ಮ ದೇಶದ ಕುದುರೆ ಪಂದ್ಯದ ನಿಯಮಗಳು ನಿಷೇಧಿಸಿವೆ. ನೋವು ಗೊತ್ತಾಗದ ಕುದುರೆ ಬಿರುಕುಬಿಟ್ಟ ಕಾಲಿನ ಮೇಲೇ ಓಡಿ ಅದನ್ನು ಪೂರ್ತಿ ಮುರಿದುಕೊಳ್ಳುತ್ತದೆ, ಸವಾರನ ಜೀವಕ್ಕೂ ಅಪಾಯ. ಆದರೆ ಓಟದ ದಿನ ಬೆಳಿಗ್ಗೆ ಡೈಕ್ಲೋಫೆನಾಕ್ ಮಾತ್ರೆ ನುಂಗಿ ಹೊರಡುವ ಮನುಷ್ಯರಿಗೆ ತಡೆಯುವವರಿಲ್ಲ. ಬೆವರಿ ನೀರು ಕಳೆದುಕೊಂಡ ದೇಹದಲ್ಲಿ ಈ ಮಾತ್ರೆ ಮೂತ್ರಪಿಂಡಗಳಿಗೂ ಹಾನಿ ಮಾಡಬಲ್ಲದು.

ಸಕ್ಕರೆ ಕಾಯಿಲೆಯವರ ಸ್ಥಿತಿ ಇನ್ನೂ ಸೂಕ್ಷ್ಮ. ಬಹುಕಾಲದ ಮಧುಮೇಹದಲ್ಲಿ ಪಾದದ ನರಗಳು ಮಂಕಾಗುತ್ತವೆ. ಮಾತ್ರೆಯಿಲ್ಲದೆಯೇ ನೋವು ಮಾಯವಾಗಿರುತ್ತದೆ. ಬೂಟಿನೊಳಗೆ ಸೇರಿದ ಸಣ್ಣ ಕಲ್ಲೂ ತಿಳಿಯದು. ಇಂಥವರು ನಡಿಗೆ, ಓಟ ಆರಂಭಿಸುವ ಮುನ್ನ ಪಾದದ ಸ್ಪರ್ಶಜ್ಞಾನ ಪರೀಕ್ಷೆ ಮಾಡಿಸಿಕೊಳ್ಳಬೇಕು. ಪ್ರತಿದಿನ ರಾತ್ರಿ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು, ಅಥವಾ ಮನೆಯವರಿಂದ ನೋಡಿಸಬೇಕು.

ನಿಂತೇ ದುಡಿಯುವವರಿಗೆ

ಕುದುರೆ ನಿಂತಲ್ಲೇ ತೂಕಡಿಸಬಲ್ಲದು. ಅದರ ಕಾಲಿನ ರಜ್ಜುಗಳು ಕೀಲುಗಳನ್ನು ಚಿಲಕ ಹಾಕಿದಂತೆ ಹಿಡಿದಿಡುತ್ತವೆ. ನಮಗೆ ಆ ಸೌಕರ್ಯ ಪೂರ್ತಿಯಾಗಿಲ್ಲ. ಕಾಲಿನಿಂದ ಅಶುದ್ಧ ರಕ್ತ ಹೃದಯಕ್ಕೆ ಏರಬೇಕಾದರೆ ಮೀನಖಂಡ ಆಗಾಗ ಬಿಗಿದು ಸಡಿಲಾಗಬೇಕು. ಅದಕ್ಕೇ ಇದನ್ನು ಎರಡನೆಯ ಹೃದಯ ಎನ್ನುತ್ತಾರೆ. ಅಲುಗಾಡದೆ ಗಂಟೆಗಟ್ಟಲೆ ನಿಲ್ಲುವವರಲ್ಲಿ ಈ ಪಂಪು ನಿಂತು, ರಕ್ತನಾಳ ಉಬ್ಬಿ, ಸಂಜೆಗೆ ಕಾಲು ಊದುತ್ತದೆ. ಅರ್ಧ ಗಂಟೆಗೊಮ್ಮೆ ಇಪ್ಪತ್ತು ಸಲ ಹಿಮ್ಮಡಿ ಎತ್ತಿ ಇಳಿಸಿದರೆ ಎಷ್ಟೋ ವಾಸಿ. ಒಂದೇ ಕಾಲು ಊದಿ, ಮೀನಖಂಡ ನೋಯುತ್ತಿದ್ದರೆ ಮಾತ್ರ ತಿಕ್ಕಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಅಂದೇ ವೈದ್ಯರನ್ನು ಕಾಣಿ.

ಕುದುರೆಗಿಲ್ಲದ ಭಾಗ್ಯ

ಕಾಲು ಮುರಿದ ರೇಸ್ ಕುದುರೆಯನ್ನು ಕೊಲ್ಲುವುದೇಕೆ ಎಂದು ಮಕ್ಕಳು ಕೇಳುತ್ತಾರೆ. 2006ರಲ್ಲಿ ಅಮೆರಿಕದ ಪ್ರಸಿದ್ಧ ಕುದುರೆ ಬಾರ್ಬರೋ ಪಂದ್ಯದ ನಡುವೆ ಹಿಂಗಾಲು ಮುರಿದುಕೊಂಡಿತು. ಶಸ್ತ್ರಚಿಕಿತ್ಸೆಯಿಂದ ಎಲುಬು ಕೂಡತೊಡಗಿತ್ತು. ಆದರೆ ಅಷ್ಟು ಭಾರದ ಪ್ರಾಣಿ ತಿಂಗಳುಗಟ್ಟಲೆ ಮಲಗಿರಲಾರದು. ಭಾರವೆಲ್ಲ ಉಳಿದ ಕಾಲುಗಳ ಮೇಲೆ ಬಿದ್ದು, ಗೊರಸುಗಳಲ್ಲಿ ಲ್ಯಾಮಿನೈಟಿಸ್ ಎಂಬ ಉರಿಯೂತ ಉಂಟಾಯಿತು. 2007ರ ಜನವರಿಯಲ್ಲಿ ಅದಕ್ಕೆ ದಯಾಮರಣ ಕೊಡಬೇಕಾಯಿತು. ಮುರಿದ ಎಲುಬಿಗಿಂತ ವಿಶ್ರಾಂತಿ ಪಡೆಯಲಾಗದ ದೇಹವೇ ಅದರ ಸಾವಿಗೆ ಕಾರಣವಾಯಿತೆನ್ನಬೇಕು. ನಮಗೆ ಮಲಗಲು ಮಂಚವಿದೆ, ಊರಿಕೊಳ್ಳಲು ಕೋಲಿದೆ, ಹೆಗಲು ಕೊಡಲು ಮನೆಮಂದಿ ಇದ್ದಾರೆ. ಅಷ್ಟಿದ್ದೂ ಎರಡು ವಾರ ವಿಶ್ರಾಂತಿ ಎಂದರೆ ನಾವು ಒಪ್ಪುವುದಿಲ್ಲ.

ನೆನಪಿಡಬೇಕಾದ ಅಂಶಗಳು

* ನಲವತ್ತು ದಾಟಿದವರು ಓಡಲು ಆರಂಭಿಸುವ ಮುನ್ನ ರಕ್ತದೊತ್ತಡ, ಸಕ್ಕರೆ ಪರೀಕ್ಷಿಸಿಕೊಳ್ಳಿ. ಎದೆನೋವು, ತಲೆಸುತ್ತು, ಮನೆತನದಲ್ಲಿ ಹೃದ್ರೋಗ ಇದ್ದರೆ ವೈದ್ಯರ ಒಪ್ಪಿಗೆ ಬೇಕೇ ಬೇಕು.

* ಮೊದಲ ತಿಂಗಳು ಬಿರುಸಿನ ನಡಿಗೆ. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ದೂರವನ್ನೂ ವೇಗವನ್ನೂ ಒಂದೇ ವಾರದಲ್ಲಿ ಹೆಚ್ಚಿಸಬೇಡಿ.

* ವಾರಕ್ಕೆ ಎರಡು ಮೂರು ದಿನ ಓಟಕ್ಕೆ ರಜೆ ಕೊಡಿ. ರಜ್ಜು, ಎಲುಬು ಗಟ್ಟಿಯಾಗುವುದು ರಜೆಯ ದಿನಗಳಲ್ಲೇ.

* ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲೂರಿ ನಿಂತು, ಹಿಮ್ಮಡಿಯನ್ನು ಮೇಲೆತ್ತಿ ನಿಧಾನವಾಗಿ ಕೆಳಗಿಳಿಸುವ ವ್ಯಾಯಾಮ ಅಕಿಲಿಸ್ ರಜ್ಜುವಿಗೆ ಬಲ ಕೊಡುತ್ತದೆ. ಆಸರೆಗೆ ಕಂಬಿ ಹಿಡಿದುಕೊಳ್ಳಿ.

* ಮಿತವಾದ ಓಟದಿಂದ ಆರೋಗ್ಯವಂತರ ಮಂಡಿ ಸವೆಯುತ್ತದೆಂಬ ಭಯ ಬೇಡ. ಮಂಡಿಗೆ ನಿಜವಾದ ಶತ್ರು ಅತಿತೂಕ. ಸಮತಟ್ಟಾದ ನೆಲದಲ್ಲಿ ನಡೆಯುವಾಗಲೇ ಮಂಡಿಯ ಮೇಲೆ ದೇಹತೂಕದ ಎರಡೂವರೆ ಪಟ್ಟು ಭಾರ ಬೀಳುತ್ತದೆ.

* ನಮ್ಮ ಬಡಾವಣೆಗಳ ಕಿತ್ತುಹೋದ ಕಾಲುದಾರಿಗಳು ಓಟಕ್ಕೆ ತಕ್ಕವಲ್ಲ. ಉದ್ಯಾನ ಅಥವಾ ಆಟದ ಮೈದಾನ ಒಳ್ಳೆಯದು. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಮುಗಿಸಿ.

* ಓಡುವಾಗ ಹೆಚ್ಚಾಗುವ ನೋವು, ಕುಂಟುವಂತೆ ಮಾಡುವ ನೋವು, ಮರುದಿನ ಬೆಳಿಗ್ಗೆಯೂ ಉಳಿಯುವ ನೋವು, ಈ ಮೂರರಲ್ಲಿ ಯಾವುದಿದ್ದರೂ ಓಟ ನಿಲ್ಲಿಸಿ. ಒಂದು ವಾರದಲ್ಲಿ ಗುಣವಾಗದಿದ್ದರೆ ವೈದ್ಯರಿಗೆ ತೋರಿಸಿ.